ಏಳು ವರ್ಷದ ಮುನಿಸು

2004ರಲ್ಲಿ ಬಿಬಿಸಿ ಒಂದು ಸಾಕ್ಷ್ಯಚಿತ್ರ ಹಾಕ್ತು. ಮ್ಯಾಂಚೆಸ್ಟರ್ ಯುನೈಟೆಡ್ ಕೋಚ್ ಅಲೆಕ್ಸ್ ಫರ್ಗ್ಯುಸನ್ ಅವರ ಮಗನ ಏಜೆಂಟ್ ವ್ಯವಹಾರ ಅದರ ವಿಷಯ. ಅಪ್ಪನಿಗೆ ಸಿಟ್ಟು ಬಂತು. 2011ರವರೆಗೆ ಬಿಬಿಸಿಗೆ ಸಂದರ್ಶನವೇ ಇಲ್ಲ; ಪಂದ್ಯ ಮುಗಿದ ಮೇಲೆ ಮೈಕ್ ಮುಂದೆ ಸಹಾಯಕನನ್ನ ನಿಲ್ಲಿಸೋದು. ಇದನ್ನ ಸ್ವಾಭಿಮಾನ ಅಂತ ಹೊಗಳೋರಿದ್ದಾರೆ. ನನಗೆ ಇದು ಬರೀ ದರ್ಪ. ಬಂದ ಮಾತು ಸುಳ್ಳಾಗಿದ್ರೆ ಕೋರ್ಟಿತ್ತು. ಲೈಸೆನ್ಸ್ ಶುಲ್ಕ ಕಟ್ಟಿ ಬಿಬಿಸಿ ನೋಡೋ ಅಭಿಮಾನಿ ಏನು ತಪ್ಪು ಮಾಡಿದ್ದ?

ಕ್ರೀಡಾ ಪತ್ರಕರ್ತರೇನೂ ಸಾಚಾಗಳಲ್ಲ ಬಿಡಿ, ಗಾಸಿಪ್ಪೇ ಅವರ ಅರ್ಧ ಊಟ. ಆದ್ರೆ 2011ರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮುಂಚೆ ವರದಿಗಾರನೊಬ್ಬ ಕೇಳಿದ್ದು, ತಂಡಕ್ಕೆ ರಯಾನ್ ಗಿಗ್ಸ್ ಎಷ್ಟು ಮುಖ್ಯ ಅಂತ. ಅಷ್ಟಕ್ಕೇ ಅವನನ್ನ ಬ್ಯಾನ್ ಮಾಡಿ ಅಂತ ಫರ್ಗ್ಯುಸನ್ ಪಕ್ಕದವರಿಗೆ ಪಿಸುಗುಟ್ಟಿದ್ದು ಮೈಕಿಗೆ ಸಿಕ್ಕಿಬಿತ್ತು. ಉಳಿದ ಪತ್ರಕರ್ತರೆಲ್ಲ ಆಗಲೇ ಎದ್ದು ಹೊರಗೆ ನಡೆದಿದ್ರೆ, ಖಾಲಿ ಕುರ್ಚಿಗಳಿಗೆ ಅವರು ಏನಂತ ಬ್ಯಾನ್ ಹಾಕ್ತಿದ್ರು?