ನೋವಿನ ನೆಲೆ ಮತ್ತು ಅಫೀಮಿನ ಗುಣ

ಗಸಗಸೆ ಪಾಯಸದ ರುಚಿಯನ್ನರಿಯದ ಮನೆ ನಮ್ಮಲ್ಲಿ ವಿರಳ. ಅದೇ ಗಿಡದ ಎಳೆಗಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು 'ಅಹಿಫೇನ' ಎಂದು ಕರೆದವು. ಹಾವಿನ ನೊರೆ ಎಂದು ಅದರರ್ಥ. ಗ್ರೀಕರ 'ಓಪಿಯಾನ್' ಎಂಬ ಪದ ಅರಬ್ಬರ ಬಾಯಲ್ಲಿ 'ಅಫ್ಯೂನ್' ಆಗಿ ಇಲ್ಲಿಗೆ ಬಂದಾಗ ಪಂಡಿತರು ಅದಕ್ಕೆ ತೊಡಿಸಿದ ಅಂಗಿಯಿದು. ಹಾವಿಲ್ಲದಿದ್ದರೂ ಹಾವಿನ ಭಯವೊಂದು ಉಳಿದುಕೊಂಡಿತು.

ಆ ಭಯಕ್ಕೆ ನಾನೂ ಹೊರತಾಗಿರಲಿಲ್ಲ. ನಮ್ಮ ಹಿರಿಯ ಅತ್ತಿಗೆಯವರು ಅರ್ಬುದರೋಗದಿಂದ ಹಾಸಿಗೆ ಹಿಡಿದಿದ್ದಾಗ ವೈದ್ಯರು ಮಾರ್ಫಿನ್ ಮಾತ್ರೆಗಳನ್ನು ಬರೆದುಕೊಟ್ಟರು. "ಚಟ ಹತ್ತೀತು, ಬುದ್ಧಿ ಮಂಕಾದೀತು" ಎಂದು ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವನು ನಾನೇ. "ತಮ್ಮಾ, ಆ ಗುಳಿಗೆ ಎಲ್ಲಿಟ್ಟೀಯಪಾ?" ಎಂದು ಅವರು ಎರಡು ಸಲ ಕೇಳಿದರು, ಮೂರನೆಯ ಸಲ ಕೇಳಲಿಲ್ಲ. ಆ ಮೇಲೆಯೇ ನಾನು ಈ ವಿಷಯವನ್ನು ಓದತೊಡಗಿದೆ.

ಮಾರ್ಫಿನ್ ಮಿದುಳನ್ನು ಮಂಕುಗೊಳಿಸಿಯೇ ನೋವನ್ನು ಮರೆಸುತ್ತದೆಂಬುದು ಬಹುಕಾಲದ ನಂಬಿಕೆ. ಈ ದ್ರವ್ಯವನ್ನು ಹಿಡಿದುಕೊಳ್ಳುವ ಗ್ರಾಹಕಗಳು ನರಾಂಗದಲ್ಲಿ ಇರುವುದು 1973ರಲ್ಲಿ ದೃಢಪಟ್ಟಿತು. 1975ರಲ್ಲಿ ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ ಎಂಬ ವಿದ್ವಾಂಸರು ಅಫೀಮಿನಂತೆಯೇ ವರ್ತಿಸುವ ದ್ರವ್ಯಗಳು ದೇಹದಲ್ಲಿಯೇ ಹುಟ್ಟುತ್ತವೆಂದು ತೋರಿಸಿದರು. ಇಷ್ಟಾದರೂ ಎಲ್ಲರ ದೃಷ್ಟಿ ಮಿದುಳು ಮತ್ತು ಬೆನ್ನುಹುರಿಯ ಮೇಲೆಯೇ ಇತ್ತು.

ಈ ದೃಷ್ಟಿಯನ್ನು ಮೊಣಕಾಲಿನತ್ತ ತಿರುಗಿಸಿದವರಲ್ಲಿ ಜರ್ಮನಿಯ ಕ್ರಿಸ್ಟೋಫ್ ಸ್ಟೈನ್ ಪ್ರಮುಖರು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೊಳಗಾದ 52 ರೋಗಿಗಳಿದ್ದರು. ಕೆಲವರಿಗೆ ಕೇವಲ 1 ಮಿಲಿಗ್ರಾಂ ಮಾರ್ಫಿನ್ ಅನ್ನು ಕೀಲಿನೊಳಗೇ ಚುಚ್ಚಲಾಯಿತು. ಕೆಲವರಿಗೆ ಅಷ್ಟನ್ನೇ ರಕ್ತನಾಳದಲ್ಲಿ ಕೊಡಲಾಯಿತು. ಕೆಲವು ಗಂಟೆಗಳ ತರುವಾಯ ಕೀಲಿಗೆ ಪಡೆದವರಿಗೆ ನೋವು ಕಡಿಮೆಯಿತ್ತು. ಮಾರ್ಫಿನ್ನನ್ನು ತಡೆಯುವ ನಾಲೋಕ್ಸೋನ್ ಎಂಬ ಔಷಧಿಯನ್ನು ಅದರೊಡನೆ ಕೀಲಿಗೇ ಸೇರಿಸಿದಾಗ ಆ ಗುಣ ಇಲ್ಲವಾಯಿತು. ಮಿದುಳಿನ ಮೂಲಕ ನಡೆದ ಕಾರ್ಯವಾಗಿದ್ದರೆ ರಕ್ತಕ್ಕೆ ಕೊಟ್ಟ ಮದ್ದೂ ಅಷ್ಟೇ ಫಲ ಕೊಡಬೇಕಾಗಿತ್ತಲ್ಲವೇ? (ಮುಂದಿನ ಪ್ರಯೋಗಗಳೆಲ್ಲವೂ ಒಂದೇ ಫಲವನ್ನು ನೀಡಲಿಲ್ಲವೆಂಬುದನ್ನೂ ಹೇಳಬೇಕು.)

ಇದರ ಕ್ರಮ ಸ್ವಾರಸ್ಯಕರವಾದುದು. ನೋವನ್ನರಿಯುವ ನರದ ಜೀವಕೋಶ ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿರುತ್ತದೆ. ಗ್ರಾಹಕಗಳು ಅಲ್ಲಿ ಸಿದ್ಧಗೊಂಡು, ನರದ ಎಳೆಯುದ್ದಕ್ಕೂ ಸಾಗಿ, ಚರ್ಮ ಅಥವಾ ಕೀಲಿನಲ್ಲಿರುವ ಅದರ ತುದಿಯನ್ನು ಸೇರುತ್ತವೆ. ಗಾಯವಾಗಿ ಉರಿಯೂತವುಂಟಾದಾಗ ಈ ಸಾಗಾಟ ಹೆಚ್ಚುತ್ತದೆ. ನರದ ಸುತ್ತಣ ಹೊದಿಕೆಯೂ ಸಡಿಲಗೊಂಡು ಮದ್ದಿಗೆ ದಾರಿಯಾಗುತ್ತದೆ. ಮಾರ್ಫಿನ್ ಬಂದು ಕುಳಿತಾಗ ನರದ ತುದಿಯೊಳಗೆ ಕ್ಯಾಲ್ಸಿಯಂ ಪ್ರವೇಶ ಕುಗ್ಗುತ್ತದೆ, ನರದ ಕೆರಳಿಕೆ ಶಮನವಾಗುತ್ತದೆ. ನೋವಿನ ವಾರ್ತೆ ಹೊರಡುವ ಊರಿನಲ್ಲಿಯೇ ನಿಂತುಹೋಗುತ್ತದೆ. ನನಗೆ ಅತ್ಯಂತ ಸೋಜಿಗವೆನಿಸಿದ್ದು ಬೇರೆ: ಗಾಯದ ಸ್ಥಳಕ್ಕೆ ಧಾವಿಸುವ ಬಿಳಿ ರಕ್ತಕಣಗಳು ಎಂಡಾರ್ಫಿನ್ ಎಂಬ ದೇಹಜನ್ಯ ಅಫೀಮನ್ನು ಹೊತ್ತು ತಂದು ಅಲ್ಲಿ ಸುರಿಯುತ್ತವೆ. ಸೋಂಕಿನೊಡನೆ ಹೋರಾಡಲು ಬಂದ ಸೈನಿಕನೇ ಮದ್ದಿನ ಬುತ್ತಿಯನ್ನೂ ಕಟ್ಟಿಕೊಂಡು ಬಂದಂತೆ!

ಭೇದಿಗೆ ಕೊಡುವ ಲೋಪೆರಮೈಡ್ ಗುಳಿಗೆಯೂ ಈ ಕುಲದ್ದೇ. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಕರುಳಿನಲ್ಲಿ ಕೆಲಸ ಮಾಡುತ್ತದೆ, ಮಿದುಳನ್ನು ಸೇರುವುದಿಲ್ಲ.

2017ರಲ್ಲಿ ಬರ್ಲಿನ್ನಿನ ಸಂಶೋಧಕರು ಫೆಂಟನಿಲ್ ಎಂಬ ಪ್ರಬಲ ಮದ್ದಿಗೆ ಫ್ಲೋರಿನ್ ಸೇರಿಸಿ ಹೊಸ ದ್ರವ್ಯವೊಂದನ್ನು ರಚಿಸಿದರು. ಉರಿಯೂತವಿರುವ ಸ್ಥಳದಲ್ಲಿ ಆಮ್ಲತೆ ಹೆಚ್ಚು. ಈ ದ್ರವ್ಯ ಅಂಥಲ್ಲಿ ಮಾತ್ರ ಗ್ರಾಹಕವನ್ನು ಹಿಡಿಯುತ್ತದೆ. ಇಲಿಗಳಲ್ಲಿ ಅದು ಉಸಿರನ್ನು ಕುಗ್ಗಿಸದೆ ನೋವನ್ನು ತಗ್ಗಿಸಿತು.

ಆದರೆ ಇಂದು ಕಾಯಿಲೆಯವರ ಕೈಗೆಟುಕುವುದು ಹಳೆಯ ಮಾರ್ಫಿನ್ನೇ. ನುಂಗಿದ ಗುಳಿಗೆ ಮಿದುಳಿಗೂ ಹೋಗುತ್ತದೆ, ಮಲಬದ್ಧತೆಯನ್ನೂ ತರುತ್ತದೆ. ವೈದ್ಯರ ಕಣ್ಗಾವಲು ಅತ್ಯಗತ್ಯ. ಅದರ ಸರಬರಾಜಿಗೆ 1985ರ ಕಾಯಿದೆಯಿಂದಾಗಿದ್ದ ತೊಡಕನ್ನು 2014ರ ತಿದ್ದುಪಡಿ ಸಡಿಲಿಸಿತು. ಉಪಶಮನ ಚಿಕಿತ್ಸೆಯ ಕೆಲವು ವೈದ್ಯರು ಮಾರ್ಫಿನ್ನನ್ನು ಲೇಪದಲ್ಲಿ ಬೆರೆಸಿ ನೋಯುವ ತೆರೆದ ಹುಣ್ಣಿನ ಮೇಲೆಯೇ ಹಚ್ಚುವುದುಂಟು. ಅತ್ತಿಗೆಯವರ ಎದೆಯ ಮೇಲೂ ಅಂಥ ಹುಣ್ಣಿತ್ತು.