ಹಾಡುವವನಿಗೆ ಪದವಿ, ಹಾಡು ಕಟ್ಟುವವನಿಗೆ?

ನಾಡಗೀತೆಗೆ ಒಂದು ಧಾಟಿಯನ್ನು ಗೊತ್ತುಮಾಡಲು ನಮಗೆ ಹದಿನೆಂಟು ವರ್ಷ ಹಿಡಿಯಿತು. ಕುವೆಂಪು ಅವರ ಗೀತೆ ನಾಡಗೀತೆಯಾದದ್ದು 2004ರಲ್ಲಿ; ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷದೊಳಗೆ ಹಾಡತಕ್ಕದ್ದೆಂದು ಸರ್ಕಾರ ಆಜ್ಞೆ ಹೊರಡಿಸಿದ್ದು 2022ರಲ್ಲಿ. ನಡುವೆ ಸಮಿತಿಗಳು ಕೂತವು, ಎದ್ದವು. ಸಿ. ಅಶ್ವಥ್ ಅವರ ಧಾಟಿಯ ಅಭಿಮಾನಿಗಳು ತಕರಾರು ತೆಗೆದರು. ಆಜ್ಞೆಯಾದ ಮೇಲೆ ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಯಾವ ಧಾಟಿ ಮೇಲೆಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ಧಾಟಿಗಾಗಿ ಇಷ್ಟು ಕಾದಾಡಿದ ನಾವು, ಧಾಟಿ ಕಟ್ಟುವ ವಿದ್ಯೆಯನ್ನು ವಿಶ್ವವಿದ್ಯಾಲಯದಲ್ಲಿ ಕಲಿಸುವ ಯೋಚನೆಯನ್ನೇಕೆ ಮಾಡಲಿಲ್ಲ?

ಸಂಗೀತದ ವಿದ್ಯಾಸ್ಥಾನಗಳಿಗೆ ನಮ್ಮಲ್ಲಿ ಬರವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು 1965ರಷ್ಟು ಹಳೆಯದು. ಗಂಗೂಬಾಯಿ ಹಾನಗಲ್ಲರ ಹೆಸರಿನ ವಿಶ್ವವಿದ್ಯಾಲಯವೇ ಮೈಸೂರಿನಲ್ಲಿದೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಹೆಸರು ಕೇಳದ ಮನೆಯಿಲ್ಲ. ನಾನು ತಿರುವಿಹಾಕಿದ ಪಠ್ಯಕ್ರಮಗಳಲ್ಲಿ ವಾಗ್ಗೇಯಕಾರರ ಜೀವನ ಉಂಟು, ಲಕ್ಷಣ ಉಂಟು, ಮನೋಧರ್ಮಕ್ಕೆ ಅಂಕವೂ ಉಂಟು. ಆದರೆ ‘ಇದೋ ಪದ್ಯ, ರಾಗ ತಾಳಗಳನ್ನು ನೀನೇ ಆರಿಸಿ ಇದನ್ನು ಹಾಡಾಗಿಸು’ ಎಂಬುದು ಮುಖ್ಯ ವಿಷಯವಾಗಿ ನನಗೆ ಕಾಣಲಿಲ್ಲ. ಅಡಿಗೆಯ ಚರಿತ್ರೆ ಓದಿಸಿ ಒಲೆ ಹಚ್ಚಿಸದ ಹಾಗಾಯಿತು!

ಈ ಮಾತೆತ್ತಿದರೆ ವಿದ್ವಾಂಸರಲ್ಲಿ ಸಿದ್ಧವಾದ ಉತ್ತರವೊಂದಿದೆ: ‘ರಚನೆ ದೈವದತ್ತ. ಕಾಲೇಜಿನಲ್ಲಿ ತ್ಯಾಗರಾಜರು ಹುಟ್ಟುತ್ತಾರೆಯೆ?’ ಹುಟ್ಟುವುದಿಲ್ಲ, ಒಪ್ಪಿದೆ. ಕನ್ನಡ ಎಂ.ಎ. ತರಗತಿಯಲ್ಲಿ ಪಂಪನೂ ಹುಟ್ಟುವುದಿಲ್ಲ. ಹಾಗೆಂದು ಛಂದಸ್ಸನ್ನು ಕಲಿಸದೆ ಬಿಟ್ಟಿದ್ದೇವೆಯೆ? ಹದಿಮೂರನೆಯ ಶತಮಾನದ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ವಾಗ್ಗೇಯಕಾರನ ಗುಣಗಳನ್ನು ಪಟ್ಟಿಮಾಡಿದ್ದಾನೆ. ವ್ಯಾಕರಣ ಬೇಕು, ನಿಘಂಟು ಬೇಕು, ಛಂದಸ್ಸು, ಅಲಂಕಾರ, ರಸ ಭಾವಗಳ ಅರಿವು ಬೇಕು ಎನ್ನುತ್ತಾನೆ. ಪ್ರತಿಭೆಯ ಮಾತು ಅಲ್ಲಿರದೆ ಇಲ್ಲ. ಆದರೆ ಇವೆಲ್ಲ ಕಲಿತು ಬರುವ ವಿದ್ಯೆಗಳಲ್ಲದೆ ಮತ್ತೇನು?

ನಮ್ಮ ಮೈಸೂರೇ ಇದಕ್ಕೆ ಸಾಕ್ಷಿ. ವಾಸುದೇವಾಚಾರ್ಯರು (1865–1961) ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ವರ್ಷಗಟ್ಟಲೆ ಇದ್ದು ಕಲಿತವರು. ತೊಂಬತ್ನಾಲ್ಕು ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಕ್ರಮವಾಗಿ ಅಭ್ಯಸಿಸಿದವರು. ಕೃತಿರಚನೆಯಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಆ ವಾಸುದೇವಾಚಾರ್ಯರೇ. ಮಹಾರಾಜರಿಗೇ ಬೇಕಾದ ಗುರು ನಮ್ಮ ಹುಡುಗರಿಗೆ ಬೇಡವೆ?

ನಾನಿರುವ ಗಂಗಾನಗರದಲ್ಲಿ, ಸಿ.ಬಿ.ಐ. ರಸ್ತೆಯ ಮೇಲೆ, 1987ರಲ್ಲಿ ಸ್ಥಾಪನೆಯಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ. ಪಿಟೀಲಿನ ಪೆಟ್ಟಿಗೆ ಹೊತ್ತ ಮಕ್ಕಳನ್ನು ಈ ಬೀದಿಗಳಲ್ಲಿ ಕಾಣಬಹುದು. ಪಾಶ್ಚಾತ್ಯ ಸಂಗೀತ ಕಲಿಯುವ ಬೆಂಗಳೂರಿನ ಮಕ್ಕಳು ಲಂಡನ್ನಿನ ಮಂಡಲಿಗಳ ಪರೀಕ್ಷೆಗೆ ಕೂಡುವುದು ವಾಡಿಕೆ. ಅಲ್ಲಿ ಮೇಲಿನ ದರ್ಜೆಯ ಶಾಸ್ತ್ರಪತ್ರಿಕೆಯಲ್ಲಿ ಸ್ವತಃ ರಾಗದ ಸಾಲೊಂದನ್ನು ರಚಿಸುವ ಪ್ರಶ್ನೆಯೂ ಬರುತ್ತದೆ. ಅದೇ ಬೀದಿಯಲ್ಲಿ ವೀಣೆ ಕಲಿಯುವ ಹುಡುಗಿಯನ್ನು ಹಾಗೆ ಕೇಳುವವರು ಯಾರು?

ಕೇಳದಿದ್ದರ ಫಲ ಕಿವಿಗೆ ಬೀಳುತ್ತಲೇ ಇದೆ. ಪದ್ಯದ ಗಣವೊಂದು ಕಡೆ, ತಾಳದ ಪೆಟ್ಟು ಇನ್ನೊಂದು ಕಡೆ. ಲಘುವನ್ನು ಎಳೆದು ‘ಬಳೆ’ಯನ್ನು ‘ಬಾಳೆ’ ಮಾಡಿದರೂ ಸಭೆ ಚಪ್ಪಾಳೆ ತಟ್ಟುತ್ತದೆ. ಕವಿಗೆ ಸಲ್ಲಬೇಕಾದ ಮರ್ಯಾದೆ ಇದಲ್ಲ. ಕಾಳಿಂಗರಾಯರು, ಅನಂತಸ್ವಾಮಿ, ಅಶ್ವಥ್, ರಂಗಸಂಗೀತದ ಬಿ.ವಿ. ಕಾರಂತರು ಕನ್ನಡದ ಮಾತಿಗೆ ನಾದದ ದಾರಿ ಹುಡುಕಿದರು. ಅವರು ಹುಡುಕಿದ್ದನ್ನು ಮುಂದಿನವರು ಮತ್ತೆ ಮೊದಲಿನಿಂದ ಹುಡುಕಬೇಕೆ? ಅವರ ರಚನೆಗಳನ್ನು ಸ್ವರ ಹಾಕಿ, ಬಿಡಿಸಿ, ಒಪ್ಪು ತಪ್ಪು ವಿಚಾರಿಸಿ ಪಾಠಮಾಡುವ ಕೊಠಡಿ ಬೇಡವೆ?

ನನ್ನ ತರಗತಿಯಲ್ಲಿ ವರ್ಷಕ್ಕೆ ಒಬ್ಬಿಬ್ಬರಾದರೂ ಬೇಂದ್ರೆಯವರ ಪದ್ಯಕ್ಕೆ ತಾವೇ ಧಾಟಿ ಕಟ್ಟಿಕೊಂಡು ಬರುತ್ತಾರೆ. ‘ಮುಂದೆ ಇದನ್ನು ಎಲ್ಲಿ ಓದಲಿ, ಸಾರ್?’ ಎನ್ನುತ್ತಾರೆ. 2008ರಲ್ಲಿ ಎ.ಆರ್. ರೆಹಮಾನ್ ಸ್ಥಾಪಿಸಿದ ಶಾಲೆ ಚೆನ್ನೈಯಲ್ಲಿದೆ ಎಂದು ಹೇಳಬಹುದು. ಬೇಂದ್ರೆಯನ್ನು ಹಾಡಾಗಿಸಲು ಕಲಿಯುವುದಕ್ಕೆ ಕನ್ನಡದ ಹುಡುಗ ಚೆನ್ನೈಗೆ ಹೋಗಬೇಕೆ?

ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. ಇರುವ ಸಂಗೀತ ವಿಭಾಗವೂ ಕನ್ನಡ ವಿಭಾಗವೂ ಕೂಡಿ ಎರಡು ವರ್ಷದ ರಚನಾ ಪದವಿಯೊಂದನ್ನು ತೆರೆಯಲಿ. ಛಂದಸ್ಸನ್ನು ನಾವು ಹೇಳಿಕೊಡುತ್ತೇವೆ. ರಾಗವನ್ನು ಅವರು ಹೇಳಿಕೊಡಲಿ. ಜನಪದದ ಮಟ್ಟುಗಳೂ ಪಾಶ್ಚಾತ್ಯರ ಸ್ವರಮೇಳವೂ ಅಲ್ಲಿಗೆ ಬರಲಿ. ಪರೀಕ್ಷೆಯ ದಿನ ವಿದ್ಯಾರ್ಥಿ ತಾನೇ ಕಟ್ಟಿದ ಹಾಡೊಂದನ್ನು ಪರೀಕ್ಷಕರ ಮುಂದಿಡಲಿ. ಕೆಟ್ಟ ಹಾಡುಗಳೂ ಹುಟ್ಟಾವು. ಹುಟ್ಟಲಿ. ತಿದ್ದುವುದಕ್ಕೇ ಅಲ್ಲವೆ ಮೇಷ್ಟರಿರುವುದು?