ಅಗ್ಗದ ಬೆಲೆ, ತಕ್ಕ ಬೆಲೆ

ಪ್ರತಿ ವಾರವೂ ಈ ಪುಟದಲ್ಲಿ ಒಂದು ಹಳೆಯ ಪುಸ್ತಕವನ್ನೋ ಮರೆತುಹೋದ ಪದವೊಂದನ್ನೋ ಹಿಡಿದುಕೊಂಡು ಬರುವ ನಾನು ಈ ವಾರ ಕಂಪ್ಯೂಟರಿನ ಬಿಡಿಭಾಗವೊಂದನ್ನು ಹಿಡಿದುಕೊಂಡು ಬಂದಿರುವುದನ್ನು ಕಂಡು ವಾಚಕರು ಹುಬ್ಬೇರಿಸಿದರೆ ತಪ್ಪಿಲ್ಲ. ಕನ್ನಡದ ಅಧ್ಯಾಪಕನಿಗೂ ಆಟದ ಗ್ರಾಫಿಕ್ಸ್ ಕಾರ್ಡಿಗೂ ಏನು ನಂಟು ಎಂದು ಕೇಳಬಹುದು. ನಂಟು ಉಂಟು, ಅದು ಋಣದ ನಂಟು. 2024ರ ದೀಪಾವಳಿಯಲ್ಲಿ ನನ್ನ ಮಾತನ್ನು ನಂಬಿ ನನ್ನ ಅಕ್ಕನ ಮಗನು 5,500 ರೂಪಾಯಿಗಳನ್ನು ಕಳೆದುಕೊಂಡನು. ಆ ಹಣ ಅವನ ತಂದೆಯದಲ್ಲ, ನನ್ನದೂ ಅಲ್ಲ; ತುಮಕೂರಿನ ತನ್ನ ಬೀದಿಯ ನಾಲ್ಕು ಮಕ್ಕಳಿಗೆ ಸಂಜೆಯ ಹೊತ್ತು ಗಣಿತ ಹೇಳಿಕೊಟ್ಟು ಅವನೇ ಕೂಡಿಟ್ಟುಕೊಂಡಿದ್ದ ಹಣ.

ನಡೆದುದು ಇಷ್ಟು. ಅಕ್ಕನ ಮನೆಯಲ್ಲಿ ಯಾವುದೋ ಕಚೇರಿಯಿಂದ ವಿಲೇವಾರಿಯಾಗಿ ಬಂದ ಕಂಪ್ಯೂಟರೊಂದಿದೆ. ಅದರಲ್ಲಿರುವುದು ಇಂಟೆಲ್ ಕಂಪನಿಯು 2015ರಲ್ಲಿ ಹೊರತಂದ ಆರನೆಯ ತಲೆಮಾರಿನ ಐ-5 ಪ್ರೊಸೆಸರು. ಜೊತೆಗೆ 16 ಜಿ.ಬಿ. ರ್‍ಯಾಮು. ಪತ್ರ ಬರೆಯುವುದಕ್ಕೆ, ಲೆಕ್ಕ ಹಾಕುವುದಕ್ಕೆ ಅದು ಗಟ್ಟಿಮುಟ್ಟಾದ ಯಂತ್ರ. ಆಟಕ್ಕೆ ಕೂಡಿಸಿದರೆ ಏದುಸಿರು ಬಿಡುತ್ತಿತ್ತು. ಒಂದು ಗ್ರಾಫಿಕ್ಸ್ ಕಾರ್ಡು ಹಾಕಿಸಬೇಕೆಂದು ಹುಡುಗನು ಮೂರು ಕಾರ್ಡುಗಳ ಪಟ್ಟಿ ಮಾಡಿಕೊಂಡು ಬಂದು ನನ್ನ ಮುಂದಿಟ್ಟನು. ನಾನು ಪಟ್ಟಿಯಲ್ಲಿ ಬೆಲೆಯನ್ನು ಮಾತ್ರ ಓದಿದೆನು. "ಮೂರರಲ್ಲಿಯೂ 4 ಜಿ.ಬಿ. ಎಂದೇ ಬರೆದಿದೆಯಲ್ಲೋ. ಕಡಮೆ ಬೆಲೆಯದನ್ನು ತೆಗೆದುಕೊ, ಉಳಿದ ಹಣ ಕೈಯಲ್ಲಿರಲಿ" ಎಂದು ತೀರ್ಪಿತ್ತೆನು. ಹುಡುಗನು ಅರೆಮನಸ್ಸಿನಿಂದ ಒಪ್ಪಿದನು.

ಪೆಟ್ಟಿಗೆಯ ಮೇಲೆ 'ಜಿಟಿಎಕ್ಸ್ 1050 ಟಿಐ' ಎಂದು ಅಚ್ಚಾಗಿತ್ತು. ಯಂತ್ರವೂ ಹಾಗೆಯೇ ಹೇಳುತ್ತಿತ್ತು. ಆದರೆ ಆಟ ಶುರುವಾದ ಐದು ನಿಮಿಷಕ್ಕೆಲ್ಲ ಪರದೆ ಕಪ್ಪಾಗುತ್ತಿತ್ತು. ಎರಡು ತಿಂಗಳ ಮೇಲೆ ಅವನ ಗೆಳೆಯನೊಬ್ಬನು 'ಜಿಪಿಯು-ಝಡ್' ಎಂಬ ಪುಕ್ಕಟೆ ತಂತ್ರಾಂಶವನ್ನು ಹಾಕಿ ನೋಡಿದಾಗ ಗುಟ್ಟು ಹೊರಬಿದ್ದಿತು. ಒಳಗಿದ್ದುದು 2011ರ ಸುಮಾರಿನ ಹಳೆಯ ಚಿಪ್ಪು. ಅದರ ನೆನಪಿನಲ್ಲಿ ಸುಳ್ಳು ಹೆಸರನ್ನು ಬರೆದು ಮಾರಿದ್ದರು. ಬಲ್ಲವರಿಗೆ ಹೊರಗಿನ ಗುರುತೂ ಒಂದಿತ್ತಂತೆ. ಆ ಕಾರ್ಡಿನಲ್ಲಿ ಹಳೆಯ ಕಾಲದ ನೀಲಿ ವಿಜಿಎ ಕಿಂಡಿಯಿತ್ತು. ನಿಜವಾದ 1050 ಟಿಐ ಚಿಪ್ಪಿಗೆ ಅಂಥ ಕಿಂಡಿಗೆ ಸಂಕೇತ ಕಳುಹಿಸುವ ಶಕ್ತಿಯೇ ಇಲ್ಲ. ಮಾರಿದವನು ಅಷ್ಟು ಹೊತ್ತಿಗೆ ಮಾಯವಾಗಿದ್ದನು. ಹಣವನ್ನು ನಾನು ತುಂಬಿಕೊಡಲು ಹೋದೆನು. "ಬೇಡ ಮಾವ, ಒಪ್ಪಿಕೊಂಡವನು ನಾನೇ ಅಲ್ಲವೆ?" ಎಂದನು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಒಂದು ವರ್ಷ ಕಳೆಯಿತು. ಹುಡುಗನು ಎಂಜಿನಿಯರಿಂಗ್ ಕಾಲೇಜು ಸೇರಿದನು. ಪಾಠ ಹೇಳುವುದನ್ನು ಬಿಡಲಿಲ್ಲ. 2025ರ ದೀಪಾವಳಿ ಮುಗಿದ ವಾರ 20,000 ರೂಪಾಯಿಗಳನ್ನು ಸೇರಿಸಿಕೊಂಡು ಮತ್ತೆ ನನ್ನ ಬಳಿಗೇ ಬಂದನು. ಈ ಸಲ ತೀರ್ಪು ಕೊಡುವ ಮೊದಲು ಓದಿಕೊಳ್ಳುವೆನೆಂದು ಹೇಳಿ ಮೂರು ವಾರ ಗಡುವು ಕೇಳಿದೆನು.

ಗ್ರಾಫಿಕ್ಸ್ ಕಾರ್ಡಿನ ಕೆಲಸವೇನು? ಇಂದಿನ ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ, ಒಟ್ಟು 20,73,600. ಚಲನೆ ನುಣುಪಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕು. ಎಂದರೆ ಒಂದು ಸೆಕೆಂಡಿನಲ್ಲಿ 12,44,16,000 ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು! ಪ್ರೊಸೆಸರು ಒಬ್ಬ ಪಂಡಿತನಿದ್ದಂತೆ. ಕಠಿಣವಾದ ಕೆಲಸವನ್ನು ಒಂದಾದ ಮೇಲೊಂದರಂತೆ ಮಾಡುತ್ತದೆ. ಗ್ರಾಫಿಕ್ಸ್ ಚಿಪ್ಪಾದರೋ ಮದುವೆಮನೆಯ ಮುಂದೆ ಏಕಕಾಲಕ್ಕೆ ರಂಗವಲ್ಲಿ ಹಾಕುವ ನೂರಾರು ಹೆಂಗಳೆಯರ ಗುಂಪಿನಂತೆ. ಒಬ್ಬೊಬ್ಬರ ಕೆಲಸವೂ ಚಿಕ್ಕದು. ಅಂಗಳ ಮಾತ್ರ ಕ್ಷಣದಲ್ಲಿ ತುಂಬುತ್ತದೆ.

ಹಾಗಾದರೆ ಸೆಕೆಂಡಿಗೆ ಸರಾಸರಿ ಎಷ್ಟು ಚಿತ್ರ ಎಂದು ನೋಡಿ ಕಾರ್ಡನ್ನು ಅಳೆಯಬಹುದಲ್ಲವೆ? ಇಲ್ಲಿಯೇ ನನಗೆ ನನ್ನ ವೃತ್ತಿ ನೆರವಿಗೆ ಬಂದಿತು. ತರಗತಿಯ ಸರಾಸರಿ ಅಂಕ 60 ಎಂದು ಪ್ರಾಂಶುಪಾಲರಿಗೆ ವರದಿ ಒಪ್ಪಿಸಿದ ಅಧ್ಯಾಪಕರೆಲ್ಲರಿಗೂ ಗೊತ್ತು, ಆ ಅಂಕಿಯ ಹಿಂದೆ ಎಷ್ಟು ಮಂದಿ ನಪಾಸಾದವರು ಅಡಗಿರಬಹುದೆಂದು. ಕಾರ್ಡುಗಳಲ್ಲಿಯೂ ಹಾಗೆಯೇ. ಎರಡು ಕಾರ್ಡುಗಳ ಸರಾಸರಿಯೂ 60 ಇರಬಹುದು. ಆದರೆ ಅತಿ ನಿಧಾನವಾಗಿ ಬಂದ ನೂರಕ್ಕೊಂದು ಪಾಲಿನ ಚಿತ್ರಗಳನ್ನು ಮಾತ್ರ ತೆಗೆದು ನೋಡಿದರೆ ಒಂದರಲ್ಲಿ 45, ಇನ್ನೊಂದರಲ್ಲಿ 20 ಇರಬಹುದು. ಎರಡನೆಯದು ಆಡುವಾಗ ಮುಗ್ಗರಿಸುತ್ತದೆ. ಆದುದರಿಂದ ಪರೀಕ್ಷಕರ ವರದಿಗಳಲ್ಲಿ ಸರಾಸರಿಗಿಂತ ಮೊದಲು ಈ ಕೆಳಗಿನ ಅಂಕಿಯನ್ನು ನೋಡಬೇಕು.

ಮುಗ್ಗರಿಸುವುದಕ್ಕೆ ಒಂದು ದೊಡ್ಡ ಕಾರಣ ಕಾರ್ಡಿನ ಸ್ವಂತ ಮೆಮೊರಿ ಸಾಲದೆ ಹೋಗುವುದು. ಗೋಡೆಯ ಬಿರುಕು, ಕುದುರೆಯ ಕೇಸರ, ಮುಖದ ಸುಕ್ಕು ಇವೆಲ್ಲವುಗಳ ಚಿತ್ರಗಳು ಅಲ್ಲಿ ಕುಳಿತಿರುತ್ತವೆ. ಜಾಗ ಸಾಲದಾದರೆ ಕಾರ್ಡು ಯಂತ್ರದ ರ್‍ಯಾಮಿನಿಂದ ಕಡ ತರಬೇಕು. ಆ ದಾರಿ ದೂರ, ಇಕ್ಕಟ್ಟು. ದಾರಿಯ ಅಗಲವೂ ಎಲ್ಲ ಕಾರ್ಡುಗಳಿಗೆ ಒಂದೇ ಅಲ್ಲ. 2022ರ ಜನವರಿಯಲ್ಲಿ ಬಂದ ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿಗೆ 4 ಜಿ.ಬಿ. ಮೆಮೊರಿ, ಮದರ್‌ಬೋರ್ಡಿನೊಡನೆ ಮಾತನಾಡಲು ಬರಿಯ ನಾಲ್ಕು ಸಾಲು. ಹೊಸ ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. ನಮ್ಮ ಹುಡುಗನದರಂಥ ಹಳೆಯ ಬೋರ್ಡಿನಲ್ಲಿ ಆ ಸಾಲುಗಳ ವೇಗ ಅರ್ಧಕ್ಕೆ ಇಳಿಯುತ್ತದೆ. ಪಟ್ಟಿಯಿಂದ ಅದನ್ನು ಹೊಡೆದುಹಾಕಿದೆವು.

ಹಳೆಯ ಕಾರ್ಡು ಕೊಂಡರೆ ಹೇಗೆ? ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ 2022ರ ಸೆಪ್ಟೆಂಬರಿನಲ್ಲಿ ಬದಲಾದ ಮೇಲೆ, ಅದನ್ನು ಗಳಿಸಲು ಹಗಲಿರುಳು ದುಡಿದಿದ್ದ ಕಾರ್ಡುಗಳು ರಾಶಿರಾಶಿಯಾಗಿ ಹಳೆಯ ಸರಕಿನ ಪೇಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ. ಆದರೆ ಯಾವುದು ಎಷ್ಟು ಬೆಂದಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ವಾರಂಟಿಯಿರುವುದು ಅಪರೂಪ. ಇನ್ನು 1050 ಟಿಐ ಸೇರಿರುವ ಪಾಸ್ಕಲ್ ಸಂತತಿಗೆ ಹೊಸ ಆಟಗಳಿಗಾಗಿ ಡ್ರೈವರ್ ತಂತ್ರಾಂಶವನ್ನು ಸಿದ್ಧಪಡಿಸುವುದನ್ನು ಎನ್‌ವಿಡಿಯಾ ಕಂಪನಿಯು 2025ರ ಅಕ್ಟೋಬರಿಗೆ ಮುಗಿಸಿತು. ಒಮ್ಮೆ ಸುಟ್ಟುಕೊಂಡ ಕೈ. ಹೊಸದನ್ನೇ ಕೊಳ್ಳುವುದೆಂದು ನಿಶ್ಚಯಿಸಿದೆವು.

ಕೊನೆಗೆ ಉಳಿದವು ಎರಡು. ಒಂದು, 2021ರ ಅಕ್ಟೋಬರಿನಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6600, 8 ಜಿ.ಬಿ. ಮೆಮೊರಿ. ಇನ್ನೊಂದು, 2024ರ ಫೆಬ್ರವರಿಯಲ್ಲಿ ಬಂದ ಎನ್‌ವಿಡಿಯಾದ ಆರ್‌ಟಿಎಕ್ಸ್ 3050, 6 ಜಿ.ಬಿ. ಮೆಮೊರಿ. ಈ ಎರಡನೆಯದರ ಹೆಸರಿನಲ್ಲಿ ಒಂದು ಬಲೆಯುಂಟು. 2022ರ ಜನವರಿಯಲ್ಲಿಯೇ 8 ಜಿ.ಬಿ.ಯ 3050 ಬಂದಿತ್ತು. ಅದರಲ್ಲಿ ಗಣಕಘಟಕಗಳು 2560, 6 ಜಿ.ಬಿ.ಯದರಲ್ಲಿ 2304. ಮೆಮೊರಿಯ ದಾರಿ ಅದರಲ್ಲಿ 128 ಬಿಟ್, ಇದರಲ್ಲಿ 96. ವ್ಯತ್ಯಾಸ ಮೆಮೊರಿಯ ಅಳತೆಯಲ್ಲಿ ಮಾತ್ರವೆಂದು ತಿಳಿದರೆ ಮೋಸಹೋಗುತ್ತೇವೆ. ಇವು ಒಂದೇ ಹೆಸರಿಟ್ಟುಕೊಂಡ ಎರಡು ವಸ್ತುಗಳು. ಹೆಸರು ಕ್ಷೀರಸಾಗರನಾದರೂ ಮನೆಯಲ್ಲಿ ಮಜ್ಜಿಗೆಯುಂಟೇ ಎಂದು ಇಣುಕಿ ನೋಡುವುದು ಲೇಸು.

ವೇಗದಲ್ಲಿ ಆರ್‌ಎಕ್ಸ್ 6600 ಬಹಳ ಮುಂದೆ. ಅದರಲ್ಲಿ ವಾದವೇ ಇಲ್ಲ. ಹುಡುಗನ ಮನಸ್ಸೂ ಅದರ ಮೇಲೆಯೇ ಇದ್ದಿತು. ನಾನೂ ಅದನ್ನೇ ಹೇಳಲಿದ್ದೆನು. ಆದರೆ ಒಂದು ಭಾನುವಾರ ಅವನ ಯಂತ್ರದ ಮುಚ್ಚಳ ತೆಗೆದು, ಹಿಂಬದಿಯಲ್ಲಿ ಧೂಳು ತಿನ್ನುತ್ತಿದ್ದ ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಓದಿದೆವು: 300 ವಾಟ್. ಆರ್‌ಎಕ್ಸ್ 6600 ಒಂದೇ 132 ವಾಟ್ ಬೇಡುತ್ತದೆ. ತಯಾರಕರು 450 ವಾಟಿನ ಎಸ್.ಎಂ.ಪಿ.ಎಸ್. ಇರಲೆನ್ನುತ್ತಾರೆ. ಅದಕ್ಕೆ ಎಂಟು ಮುಳ್ಳಿನ ಪ್ರತ್ಯೇಕ ವಿದ್ಯುತ್ ತಂತಿ ಬೇಕು. ನಮ್ಮ ಪೆಟ್ಟಿಗೆಯಲ್ಲಿ ಅದಿಲ್ಲ. ಹೋಗಲಿ, ಪೆಟ್ಟಿಗೆಯನ್ನೇ ಬದಲಿಸೋಣವೆಂದರೆ, ಕಚೇರಿಯ ಯಂತ್ರವಾದುದರಿಂದ ಮದರ್‌ಬೋರ್ಡಿಗೆ ಹೋಗುವ ಪ್ಲಗ್ಗು ಪೇಟೆಯಲ್ಲಿ ಸಿಗುವ ಅಳತೆಯದಲ್ಲ. 6 ಜಿ.ಬಿ.ಯ 3050ಕ್ಕೆ ಬೇಕಾದುದು 70 ವಾಟ್ ಮಾತ್ರ. ಮದರ್‌ಬೋರ್ಡಿನ ಕಿಂಡಿಯೇ 75 ವಾಟಿನ ತನಕ ಕೊಡಬಲ್ಲುದಾಗಿರುವುದರಿಂದ ಬೇರೆ ತಂತಿಯ ಗೊಡವೆಯಿಲ್ಲ.

ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು 'ಔಚಿತ್ಯವಿಚಾರಚರ್ಚಾ' ಎಂಬ ಗ್ರಂಥವನ್ನು ರಚಿಸಿ, ಗುಣವಾಗಲಿ ಅಲಂಕಾರವಾಗಲಿ ತಕ್ಕ ಎಡೆಯಲ್ಲಿದ್ದರೇ ಶೋಭಿಸುತ್ತದೆ ಎಂದು ವಾದಿಸಿದನು. ಹತ್ತು ವರ್ಷ ತರಗತಿಯಲ್ಲಿ ಈ ಮಾತನ್ನು ಒಪ್ಪಿಸಿದ ನನಗೆ ಅದರ ಅರ್ಥ ಹೊಳೆದುದು ಅಂದು, ಕೈಯೆಲ್ಲ ಧೂಳು ಮಾಡಿಕೊಂಡು ನೆಲದ ಮೇಲೆ ಕುಳಿತಾಗ. ಹಿಂದಿನ ವರ್ಷ ನಾನು ಬೆಲೆಯೊಂದನ್ನೇ ನೋಡಿ ತಪ್ಪಿದೆನು. ಈ ವರ್ಷ ವೇಗವೊಂದನ್ನೇ ನೋಡಿ ತಪ್ಪಲಿದ್ದೆನು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ, ಜನರ ಬಾಯಲ್ಲಿ ಎಸ್.ಪಿ. ರೋಡಿಗೆ, ಇಬ್ಬರೂ ಹೋದೆವು. ನಾಲ್ಕು ಅಂಗಡಿಗಳನ್ನು ವಿಚಾರಿಸಿದ ಮೇಲೆ ಒಂದು ಕಡೆ ಅಂದಿನ ಬೆಲೆ ಹೀಗೆ ನಿಂತಿತು: ಆರ್‌ಎಕ್ಸ್ 6600ಕ್ಕೆ 21,000, ಅದಕ್ಕೆ ತಕ್ಕ ಎಸ್.ಎಂ.ಪಿ.ಎಸ್.ಗೆ 3,500, ಪ್ಲಗ್ಗು ಹೊಂದಿಸುವ ತಂತಿಯ ಖರ್ಚು ಬೇರೆ. 6 ಜಿ.ಬಿ.ಯ 3050ಕ್ಕೆ ತೆರಿಗೆಯೂ ಸೇರಿ 17,400. ಹುಡುಗನು ಪೆಚ್ಚಾದನು. "ಇನ್ನೂ ಮೂರು ತಿಂಗಳು ಪಾಠ ಹೇಳಿ ದೊಡ್ಡದನ್ನೇ ತಗೊಳ್ಳಲಾ ಮಾವ?" ಎಂದು ಕೇಳಿದನು.

"ಮುಂದಿನ ವರ್ಷ ಹೊಸ ಯಂತ್ರ ಕಟ್ಟಿಸುವುದಾದರೆ ಖಂಡಿತ ಹಾಗೆ ಮಾಡು, ದೊಡ್ಡ ಕಾರ್ಡು ಹೊಸ ಯಂತ್ರಕ್ಕೂ ಆಗುತ್ತದೆ. ನಾಲ್ಕು ವರ್ಷವೂ ಈ ಹಳೆಯದರಲ್ಲಿಯೇ ಕಳೆಯುವುದಾದರೆ, ಅದರ ಪ್ರೊಸೆಸರು ದೊಡ್ಡ ಕಾರ್ಡಿನ ಓಟಕ್ಕೆ ಸರಿಯಾಗಿ ಕೆಲಸ ಒದಗಿಸಲಾರದು. ಯಾವುದೆಂದು ನೀನೇ ಹೇಳು" ಎಂದೆನು. ತೀರ್ಪನ್ನು ಈ ಸಲ ನಾನು ಕೊಡಲಿಲ್ಲ. ಅವನು ಬಹಳ ಹೊತ್ತು ಎರಡು ಪೆಟ್ಟಿಗೆಗಳನ್ನೂ ನೋಡುತ್ತ ನಿಂತು, ಕೊನೆಗೆ 3050ರ ಮೇಲೆ ಕೈಯಿಟ್ಟನು.

"ಹಣ ಕೊಡುವ ಮೊದಲು ಒಮ್ಮೆ ಹಾಕಿ ತೋರಿಸಬೇಕು" ಎಂದನು.

"ಪೆಟ್ಟಿಗೆ ಬಿಚ್ಚಿದರೆ ವಾಪಸ್ ತಗೊಳ್ಳೋದಿಲ್ಲ ಸಾರ್" ಎಂದು ಅಂಗಡಿಯವನು ನನ್ನ ಮುಖ ನೋಡಿದನು.

"ಅವನು ಹೇಳಿದ ಹಾಗೆ ಮಾಡಿ ಸ್ವಾಮಿ. ಸರಿಯಾಗಿದ್ದರೆ ವಾಪಸಿನ ಮಾತೇ ಇಲ್ಲ" ಎಂದೆನು.

ಅಂಗಡಿಯವನು ಗೊಣಗುತ್ತಲೇ ತನ್ನ ಪರೀಕ್ಷೆಯ ಯಂತ್ರಕ್ಕೆ ಕಾರ್ಡನ್ನು ಸೇರಿಸಿದನು. ಹುಡುಗನು ಜಿಪಿಯು-ಝಡ್ ತೆರೆದು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದನು: ಘಟಕಗಳು 2304, ದಾರಿ 96 ಬಿಟ್, ಮೆಮೊರಿ 6 ಜಿ.ಬಿ. ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರನ್ನು ಬರೆಸಿಕೊಂಡ ಮೇಲೆಯೇ ಜೇಬಿಗೆ ಕೈ ಹಾಕಿದನು.

ಆ ರಾತ್ರಿ ಅಕ್ಕನ ಮನೆಯಲ್ಲಿ 'ರೆಡ್ ಡೆಡ್ ರಿಡೆಂಪ್ಷನ್ 2' ಎಂಬ ಆಟ ತೆರೆಯಿತು. ಅದಕ್ಕೆ ತಯಾರಕರು ಶಿಫಾರಸು ಮಾಡಿರುವ ಕಾರ್ಡು 6 ಜಿ.ಬಿ.ಯ ಜಿಟಿಎಕ್ಸ್ 1060. ನಮ್ಮದು ಅದಕ್ಕೆ ಕಡಮೆಯದಲ್ಲ. ಚಿತ್ರದ ಮಟ್ಟವನ್ನು ಮಧ್ಯಮದಲ್ಲಿಟ್ಟರೆ ಸೆಕೆಂಡಿಗೆ 50ರಿಂದ 60 ಚಿತ್ರಗಳು ಬಂದವು. ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ನೆರಳು ಮೂಡಿಸುವ 'ರೇ ಟ್ರೇಸಿಂಗ್' ಎಂಬ ವೈಭವವನ್ನು ಬೇರೆ ಆಟಗಳಲ್ಲಿ ಈ ಕಾರ್ಡಿನಿಂದ ನಿರೀಕ್ಷಿಸಬಾರದು. ಹೆಸರಿನಲ್ಲಿ ಅದಿದ್ದರೂ ಈ ಬೆಲೆಗೆ ಅದು ಹೊರಲಾರದ ಹೊರೆ. ಆಟ ಹಿಮದ ಬೆಟ್ಟಗಳಲ್ಲಿ ಆರಂಭವಾಗುತ್ತದೆ. ಕುದುರೆಯ ಗೊರಸು ಹಿಮದಲ್ಲಿ ಹೂತು ಜಾಡು ಬಿಡುವುದನ್ನು ಅಕ್ಕ ಸೆರಗಿನಿಂದ ಕೈಯೊರಸಿಕೊಳ್ಳುತ್ತ ನಿಂತು ನೋಡಿದಳು. "ಪಾಪ, ಆ ಕುದುರೆಗೆ ಎಷ್ಟು ಚಳಿಯೋ" ಎಂದಳು. ಪರದೆ ಕಪ್ಪಾಗಲಿಲ್ಲ.

ಹೊರಡುವಾಗ ಹುಡುಗನು ಹಳೆಯ ನಕಲಿ ಕಾರ್ಡನ್ನು ತಂದು, "ಇದನ್ನೇನು ಮಾಡಲಿ ಮಾವ?" ಎಂದು ಕೇಳಿದನು. ನಾನೇ ತೆಗೆದುಕೊಂಡು ಬಂದೆನು. ಈಗ ಅದು ನನ್ನ ಮೇಜಿನ ಮೇಲೆ, ಬೆಲೆ ಕಟ್ಟಬೇಕಾದ ಉತ್ತರಪತ್ರಿಕೆಗಳ ಕಟ್ಟು ಗಾಳಿಗೆ ಹಾರದಂತೆ ಒತ್ತಿಕೊಂಡು ಕುಳಿತಿದೆ. 5,500 ರೂಪಾಯಿಯ ಪೇಪರ್‌ವೇಟು ನಮ್ಮ ಕಾಲೇಜಿನಲ್ಲಿ ಬೇರೆ ಯಾರ ಬಳಿಯೂ ಇಲ್ಲ.